‘ಕೆಲಸಗಾರರಿಂದ ಹೊಸ ಯೋಚನೆ ಯಾಕೆ ಬರುತ್ತಿಲ್ಲ?’: ಸಣ್ಣ ಕೈಗಾರಿಕೆ ಬಳಗದ ಪ್ರಶ್ನೋತ್ತರ

ನಿರ್ವಾಹಕರು: ಸಣ್ಣ ಕಾರ್ಖಾನೆಗಳಿಗೆ ಉತ್ಪಾದನಾ ಸಲಹೆ ನೀಡುವ ನಮ್ಮ ಹಿರಿಯ ಸದಸ್ಯರು ಇಂದು ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಪೀಣ್ಯ, ಯಂತ್ರಭಾಗ: ನಮಸ್ಕಾರ ಸರ್. ತಂದೆಯವರ ನಂತರ ಕಾರ್ಖಾನೆ ನನ್ನ ಕೈಗೆ ಬಂದಿದೆ. ಸಲಹಾ ಪೆಟ್ಟಿಗೆ ಇಟ್ಟೆ. ಮೊದಮೊದಲು ಚೀಟಿ ತುಂಬುತ್ತಿತ್ತು, ಈಗ ಖಾಲಿ. ಮಿಲ್ಲಿಂಗ್ ಯಂತ್ರದ ಹುಡುಗನೊಬ್ಬ ಗುಜರಿ ತುಂಡುಗಳಿಂದ ಒಂದು ಫಿಕ್ಸ್ಚರ್, ಅಂದರೆ ಜಾಬನ್ನು (ಕೊರೆಯಬೇಕಾದ ತುಂಡನ್ನು) ಅಲುಗದಂತೆ ಹಿಡಿಯುವ ಸಾಧನ, ಮಾಡಿದ್ದ. ಪ್ರತಿ ಜಾಬಿಗೂ ನಾಲ್ಕು ಬೋಲ್ಟುಗಳನ್ನು ಸ್ಪ್ಯಾನರಿನಿಂದ ಬಿಚ್ಚಿ ಬಿಗಿಯುವ ಬದಲು ಒಂದು ಹಿಡಿ ಒತ್ತಿದರೆ ಸಾಕು. ಅದನ್ನು ಹೊಂದಿಸಿದ ದಿನ ಟಾರ್ಗೆಟ್ ತಪ್ಪಿತು. ಸೂಪರ್‌ವೈಸರ್ ಎಲ್ಲರೆದುರು ಬೈದು ಅದನ್ನು ಗುಜರಿ ರಾಶಿಗೆ ಹಾಕಿಸಿದರು. ಹುಡುಗ ಈಗ ಮಾತೇ ಆಡುವುದಿಲ್ಲ. ಬಹುಮಾನದ ಮೊತ್ತ ಹೆಚ್ಚಿಸಲೇ?

ಸಲಹೆಗಾರರು: ಬಹುಮಾನ ಆಮೇಲೆ. ಮೊದಲು ಗುಜರಿ ರಾಶಿಯಲ್ಲಿ ಆ ಫಿಕ್ಸ್ಚರ್ ಇನ್ನೂ ಇದೆಯೇ ನೋಡಿ, ಇಂದೇ ಹೋಗಿ ನೋಡಿ. ತಲೆ ಓಡಿಸಿದವನಿಗೆ ಬೈಗುಳ, ಸುಮ್ಮನಿದ್ದವನಿಗೆ ನೆಮ್ಮದಿಯ ಸಂಬಳ ಎಂಬುದನ್ನು ಇಡೀ ಶೆಡ್ಡು ಅವತ್ತು ಕಣ್ಣಾರೆ ಕಂಡಿದೆ. ಪೆಟ್ಟಿಗೆಗೆ ಚೀಟಿ ಎಲ್ಲಿಂದ ಬರಬೇಕು?

ಟೊಯೊಟಾ ಕಂಪನಿ ಸಲಹೆ ಪದ್ಧತಿ ಶುರು ಮಾಡಿದ್ದು 1951ರಲ್ಲಿ. ಅದು ಉಳಿದದ್ದು ಬಹುಮಾನದ ಹಣದಿಂದಲ್ಲ. ಸಲಹೆಗೆ ಉತ್ತರ ಬರುತ್ತದೆ, ಅದನ್ನು ಕಾರ್ಯರೂಪಕ್ಕೆ ತರಲು ಮೇಲಿನವನೇ ನೆರವಾಗುತ್ತಾನೆ. ಅಲ್ಲಿ ದೋಷ ಕಂಡ ಕೆಲಸಗಾರ ಎಚ್ಚರಿಕೆಯ ಹಗ್ಗ ಎಳೆಯುತ್ತಾನೆ ಇಲ್ಲವೇ ಗುಂಡಿ ಒತ್ತುತ್ತಾನೆ, ತಂಡದ ಮುಖ್ಯಸ್ಥ ಓಡಿಬರುತ್ತಾನೆ, ಕೂಡಲೇ ಬಗೆಹರಿಯದಿದ್ದರೆ ಇಡೀ ಸಾಲು ನಿಲ್ಲುತ್ತದೆ. ನಿಲ್ಲಿಸಿದವನನ್ನು ಬೈಯುವುದಿಲ್ಲ.

ಒಂದು ಎಚ್ಚರಿಕೆ. ಮಿಲ್ಲಿಂಗ್‌ನಲ್ಲಿ ಹಿಡಿತ ಸಡಿಲವಾದರೆ ಜಾಬು ಹಾರಿ ಎದೆಗೋ ಕಣ್ಣಿಗೋ ಬಡಿಯುತ್ತದೆ. ಟೂಲ್‌ರೂಮಿನ ಅನುಭವಿಯೊಬ್ಬರು ಪಕ್ಕದಲ್ಲಿ ನಿಂತು, ಗಾರ್ಡ್ ಹಾಕಿ, ಕಡಿಮೆ ಫೀಡಿನಲ್ಲಿ (ಜಾಬನ್ನು ನಿಧಾನವಾಗಿ ಮುಂದೊತ್ತಿ) ಪರೀಕ್ಷಿಸಲಿ. ‘ಹಿಡಿತ ಗಟ್ಟಿಯಿದೆಯೇ?’ ಇದು ಸೂಪರ್‌ವೈಸರ್ ಅವತ್ತೇ ಕೇಳಬೇಕಾಗಿದ್ದ ಪ್ರಶ್ನೆ. ಅವರು ಕೇಳಿದ್ದು ಟಾರ್ಗೆಟ್ಟನ್ನು.

ವಾರಕ್ಕೆ ಎರಡು ಗಂಟೆ ಟಾರ್ಗೆಟ್ ಲೆಕ್ಕದಿಂದ ಹೊರಗಿಡಿ. ಪ್ರತಿ ಚೀಟಿಗೂ ವಾರದೊಳಗೆ ಉತ್ತರ ಕೊಡಿ, ‘ಆಗುವುದಿಲ್ಲ’ ಎಂದಾದರೆ ಕಾರಣ ಹೇಳಿ. ಫಿಕ್ಸ್ಚರಿನಿಂದ ಕೆಲಸ ಬೇಗ ಮುಗಿಯಿತೆಂದು ಇನ್‌ಸೆಂಟಿವ್ ದರವನ್ನು ಮಾತ್ರ ಇಳಿಸಬೇಡಿ. ಇಳಿಸಿದರೆ ಮುಂದಿನ ಉಪಾಯವನ್ನು ಅವರು ನಿಮ್ಮಿಂದ ಬಚ್ಚಿಡುತ್ತಾರೆ.

ಬೆಳಗಾವಿ, ಫೌಂಡ್ರಿ: ನಮ್ಮಲ್ಲೂ ಪೆಟ್ಟಿಗೆ ಖಾಲಿ ಸರ್. ಏನು ಮಾಡಬೇಕು?

ಸಲಹೆಗಾರರು: ಮೇಲೆ ಬರೆದಿದ್ದೇನೆ.

ಇಳಕಲ್, ಮಗ್ಗ: ಸರ್, ನಮ್ಮಲ್ಲಿ ಕಿರಿಯ ನೇಕಾರರು ಹೊಸ ಬಣ್ಣ ಪ್ರಯತ್ನಿಸಬೇಕೆನ್ನುತ್ತಾರೆ. ತೋಪ್ ತೆನಿ ಎಂಬ ವಿನ್ಯಾಸದ ಕೆಂಪು ಸೆರಗು ಬದಲಾದರೆ ಅದು ಇಳಕಲ್ ಸೀರೆಯೇ ಅಲ್ಲ ಎನ್ನುತ್ತಾರೆ ಹಿರಿಯರು. ಯಾರ ಮಾತು ಕೇಳಲಿ?

ತುಮಕೂರು, ಪ್ಯಾಕೇಜಿಂಗ್: ಎಲ್ಲರೂ ಓದಲೇಬೇಕಾದ ಸಂದೇಶ: ಬಾಹ್ಯಾಕಾಶದಲ್ಲಿ ಬರೆಯುವ ಪೆನ್ನಿಗಾಗಿ ನಾಸಾ ಕೋಟಿಗಟ್ಟಲೆ ಸುರಿಯಿತು, ರಷ್ಯನ್ನರು ಪೆನ್ಸಿಲ್ ಬಳಸಿದರು. ಸರಳತೆಯೇ ಸೃಜನಶೀಲತೆ!

ಸಲಹೆಗಾರರು: ಇದು ಸುಳ್ಳು. ಆ ಪೆನ್ನನ್ನು ಫಿಶರ್ ಎಂಬ ಪೆನ್ನು ತಯಾರಕರು ತಮ್ಮದೇ ಹಣದಲ್ಲಿ ರೂಪಿಸಿ 1965ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ನಾಸಾ ಆಮೇಲೆ ಕೊಂಡಿತು, ಸೋವಿಯತ್‌ನವರೂ ಅದನ್ನೇ ಕೊಂಡರು. ಮೊದಲು ಇಬ್ಬರೂ ಪೆನ್ಸಿಲ್ ಬಳಸುತ್ತಿದ್ದರು. ಆದರೆ ಮುರಿದ ಮೊನೆ, ಗ್ರಾಫೈಟ್ ಪುಡಿ ತೂಕವಿಲ್ಲದಲ್ಲಿ ತೇಲಾಡಿ ಉಪಕರಣಗಳಿಗೆ ಅಪಾಯ ತರುತ್ತದೆ. ಈ ಸುಳ್ಳನ್ನು ನಂಬಿದ ಮಾಲೀಕ ಪ್ರಯೋಗಕ್ಕೆ ಹಣ ಕೇಳಿದ ಎಂಜಿನಿಯರನ್ನು ‘ಪೆನ್ಸಿಲ್ ಸಾಕು’ ಎಂದು ಓಡಿಸುತ್ತಾನೆ. ದಯವಿಟ್ಟು ಹಂಚಬೇಡಿ.

ಮೈಸೂರು, ಅಗರಬತ್ತಿ: ನೌಕರರ ಬಲಮೆದುಳನ್ನು ಚುರುಕುಗೊಳಿಸುವ ಎರಡು ದಿನದ ಶಿಬಿರದ ಜಾಹೀರಾತು ಬಂದಿದೆ. ಕಳುಹಿಸಬಹುದೇ?

ಸಲಹೆಗಾರರು: ಸೃಜನಶೀಲತೆ ಬಲಮೆದುಳಿನಲ್ಲಿ ಮಾತ್ರ ಇದೆ ಎಂಬುದಕ್ಕೆ ಆಧಾರವಿಲ್ಲ. ಹಣ ಕಟ್ಟಬೇಡಿ.

ಹುಬ್ಬಳ್ಳಿ, ವಾಲ್ವ್: ನನ್ನ ಅನುಭವದಲ್ಲಿ ಸುಖ ಹೆಚ್ಚಾದರೆ ಬುದ್ಧಿ ಮಂಕಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗಲೇ ಎಂಟಿಆರ್‌ನಲ್ಲಿ ರವೆ ಇಡ್ಲಿ ಹುಟ್ಟಿದ್ದು. ಒತ್ತಡ ಇರಲೇಬೇಕು.

ಭದ್ರಾವತಿ, ನಿವೃತ್ತ ಕಾರ್ಮಿಕ: ಅಲ್ಲಿ ಅಕ್ಕಿ ಇರಲಿಲ್ಲ ಸ್ವಾಮಿ, ಅಡುಗೆಯವನನ್ನು ಯಾರೂ ಎಲ್ಲರೆದುರು ಬೈದು ಕೂರಿಸಿರಲಿಲ್ಲ. ಬರ ಬೇರೆ, ಹೆದರಿಕೆ ಬೇರೆ.

ಹುಬ್ಬಳ್ಳಿ, ವಾಲ್ವ್: ತಿಂಗಳ ಕೊನೆಗೆ ಸಂಬಳ ಹೊಂದಿಸುವ ಹೆದರಿಕೆ ನಮಗೆ ಮಾತ್ರ ಗೊತ್ತು. ಎಲ್ಲರ ಮಾತು ಕೇಳುತ್ತಾ ಕೂತರೆ ಸಹಕಾರ ಸಂಘದಂತಾಗುತ್ತದೆ, ಹೊಸದೇನೂ ಹುಟ್ಟುವುದಿಲ್ಲ.

ಪುತ್ತೂರು, ಅಡಿಕೆ ಬೆಳೆಗಾರ: ಈ ಮಾತು ಹಿಂದೆ ತೆಗೆದುಕೊಳ್ಳಿ. ಕೋಕೋ ಕೊಳ್ಳುವವರು ಹಿಂದೆ ಸರಿದಾಗ ನಮ್ಮ ಹಣ್ಣು ತೋಟದಲ್ಲೇ ಕೊಳೆಯುತ್ತಿತ್ತು. ಕೈ ಹಿಡಿದದ್ದು 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ. ಅಡಿಕೆ ಮಾರುವ ಸಹಕಾರಿ 1986ರಲ್ಲಿ ಇಲ್ಲೇ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು.

ಹುಬ್ಬಳ್ಳಿ, ವಾಲ್ವ್: ಒಂದು ಉದಾಹರಣೆಯಿಂದ ನಿಯಮವಾಗುವುದಿಲ್ಲ.

ಭದ್ರಾವತಿ, ನಿವೃತ್ತ ಕಾರ್ಮಿಕ: ನಿಮ್ಮ ಇಡ್ಲಿಯಿಂದ ಆಗುತ್ತದೆಯೇ?

ಪೀಣ್ಯ, ಯಂತ್ರಭಾಗ: ಸರ್, ಫಿಕ್ಸ್ಚರ್ ಸಿಕ್ಕಿತು, ಹಿಡಿ ಬಾಗಿದೆ. ಒಂದು ವಿಷಯ ಹೇಳಿರಲಿಲ್ಲ. ಸೂಪರ್‌ವೈಸರ್ ನನ್ನ ಸೋದರಮಾವ. ತಂದೆಯವರ ಜೊತೆ ಮೊದಲ ಲೇತ್ ಇಳಿಸಿಕೊಂಡವರು. ನಾನು ಅವರಿಗೆ ಬುದ್ಧಿ ಹೇಳುವುದೇ?

ಸಲಹೆಗಾರರು: ಬಾಗಿದ ಹಿಡಿಯನ್ನು ತಟ್ಟಿ ನೆಟ್ಟಗೆ ಮಾಡಿ ಬಳಸಬೇಡಿ, ಹುಡುಗನಿಂದಲೇ ಹೊಸದು ಮಾಡಿಸಿ. ಮಾವನವರಿಗೆ ಬುದ್ಧಿ ಹೇಳಬೇಡಿ. ಅವರ ಮನೆಗೆ ಹೋಗಿ ಒಬ್ಬರೇ ಕುಳಿತು ಮಾತನಾಡಿ. ಅವರ ಮೇಲೆ ಟಾರ್ಗೆಟ್ ಹೇರಿದವರು ನೀವು. ಪ್ರಯೋಗಕ್ಕೆ ಹೋದ ಹೊತ್ತನ್ನು ಅವರ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಮಾತು ಕೊಡಿ. ಹಿಡಿತದ ಪರೀಕ್ಷೆಯನ್ನು ಅವರೇ ನಡೆಸಲಿ, ಅಷ್ಟು ವರ್ಷ ಯಂತ್ರದ ಮುಂದೆ ನಿಂತವರಿಗೆ ಜಾಬು ಎಲ್ಲಿ ಜಾರುತ್ತದೆಂದು ಗೊತ್ತಿರುತ್ತದೆ. ಹುಡುಗನ ಕ್ಷಮೆಯನ್ನು ಮಾತ್ರ ನೀವು ಎಲ್ಲರೆದುರೇ ಕೇಳಬೇಕು. ಅವಮಾನ ಆದದ್ದು ಎಲ್ಲರೆದುರು.

ಹುಬ್ಬಳ್ಳಿ, ವಾಲ್ವ್: ಮಾಲೀಕನೇ ಕ್ಷಮೆ ಕೇಳಿದರೆ ಶಿಸ್ತು ಎಲ್ಲಿ ಉಳಿಯುತ್ತದೆ? ಇದು ಸಲಹೆಯೇ?

ಸಲಹೆಗಾರರು: ಹೌದು.

ಬೆಳಗಾವಿ, ಫೌಂಡ್ರಿ: ಸರ್, ಪೆಟ್ಟಿಗೆಯ ಬದಲು ಮೊಬೈಲ್ ಆ್ಯಪ್ ಮಾಡಿಸಿದರೆ ಚೀಟಿ ಹೆಚ್ಚು ಬರಬಹುದೇ?

ಸಲಹೆಗಾರರು: ಹಳೆಯ ಚೀಟಿಗಳಿಗೆ ಉತ್ತರ ಕೊಟ್ಟಿದ್ದೀರಾ? ಮೊದಲು ಅದನ್ನು ಮಾಡಿ.

ಇಳಕಲ್, ಮಗ್ಗ: ಅಣ್ಣಂದಿರೇ, ನಿಮ್ಮ ಜಗಳದ ನಡುವೆ ನನ್ನ ಪ್ರಶ್ನೆ ಮೇಲೆಲ್ಲೋ ಹೋಯಿತು. ಸರ್, ನೋಡಿದಿರಾ?

ನಿರ್ವಾಹಕರು: ಇಂದಿನ ಸಮಯ ಮುಗಿಯಿತು. ಹುಬ್ಬಳ್ಳಿ ಮತ್ತು ಭದ್ರಾವತಿಯ ಸದಸ್ಯರ ಕೊನೆಯ ಸಂದೇಶಗಳನ್ನು ಅಳಿಸಲಾಗಿದೆ.