ಸಹಾಯ ಬೇಕು: ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಯಾವ ಕೋಚ್ ಸರಿ?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಉಸ್ತುವಾರಿ ನನ್ನದು. ಅಂತರ ಕಾಲೇಜು ಪಂದ್ಯಗಳಲ್ಲಿ ಪ್ರತಿ ಸಲ ಮೊದಲ ಸುತ್ತಿನಲ್ಲೇ ಮನೆಗೆ. ಹುಡುಗರು ಚೆನ್ನಾಗಿ ಓಡುತ್ತಾರೆ. ಆದರೆ 24 ಸೆಕೆಂಡಿನ ಶಾಟ್ ಕ್ಲಾಕ್ (ಚೆಂಡು ಸಿಕ್ಕ ಮೇಲೆ ಅಷ್ಟರೊಳಗೆ ಬುಟ್ಟಿಗೆ ಎಸೆಯಬೇಕಾದ ಸಮಯ) ಮುಗಿಯುತ್ತಾ ಬಂದರೆ ಸಾಕು, ನಿಂತಲ್ಲಿಂದಲೇ ಸುಮ್ನೆ ಎಸೆದುಬಿಡುತ್ತಾರೆ. ಹಳೆ ಕೋಚ್ ಬಿಟ್ಟರು. ಪಿಇ ಮೇಷ್ಟ್ರು ಪಾಪ, ಕಬಡ್ಡಿಯವರು.

ಹಳೆ ವಿದ್ಯಾರ್ಥಿಗಳನ್ನೆಲ್ಲ ಕೇಳಿ ಇಬ್ಬರು ಸಿಕ್ಕಿದ್ದಾರೆ. ಒಬ್ಬರು ಪಟಿಯಾಲದ ಎನ್‌ಐಎಸ್‌ನಲ್ಲಿ (ಕೋಚ್‌ಗಳಿಗೆ ತರಬೇತಿ ಕೊಡುವ ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಡಿಪ್ಲೊಮಾ ಮಾಡಿದವರು, ಬೆಂಗಳೂರಿಂದ ಶನಿವಾರ, ಭಾನುವಾರ ಮಾತ್ರ ಬರುತ್ತಾರಂತೆ. ಇನ್ನೊಬ್ಬರು ಇಲ್ಲಿಯವರೇ, ವಿವಿ ತಂಡಕ್ಕೆ ಆಡಿದವರು. ದಿನಾ ಬೆಳಗ್ಗೆ ಬರೋಕೆ ರೆಡಿ, ಆದರೆ ಸರ್ಟಿಫಿಕೇಟ್ ಇಲ್ಲ. ಆಡಳಿತ ಮಂಡಳಿಗೆ ಅದೇ ಬೇಕು! ನನಗೋ ದಿನಾ ಬರುವವರೇ ವಾಸಿ ಅನ್ನಿಸುತ್ತದೆ.

ಅವರನ್ನೇ ಈಗ ತೆಗೆದುಕೊಂಡು, ಆಮೇಲೆ ಎನ್‌ಐಎಸ್‌ನ 6 ವಾರದ ಸರ್ಟಿಫಿಕೇಟ್ ಕೋರ್ಸ್‌ಗೆ ಕಳಿಸಿದರೆ ನಡೆಯುತ್ತದಾ? ಹೀಗೆ ಆಡಳಿತ ಮಂಡಳಿಯನ್ನು ಒಪ್ಪಿಸಿದವರು ಯಾರಾದರೂ ಇದ್ದೀರಾ?