ಡಾಕ್ಟರನ್ನು ಕೇಳಿ: ಇಲಿಯ ಮಿದುಳಿನ ಅಲೆ, ನಮ್ಮ ಮನೆಯ ಮಾತ್ರೆ

(ಕಲಬುರಗಿ ಭಾಗದ ಮನೋರೋಗಿಗಳ ಮನೆಯವರ ಗುಂಪು. ಉತ್ತರಿಸುವವರು ಮನೋವೈದ್ಯೆ.)

ಆಳಂದದ ಸದಸ್ಯ: ಮೇಡಂ, ಸ್ಕಿಜೋಫ್ರೇನಿಯಾ ಮಾತ್ರೆ ಕೊಟ್ಟರೆ ಇಲಿಯ ಮಿದುಳಿನ ಅಲೆ ತಗ್ಗುತ್ತದಂತೆ. ಮಿದುಳು ಸಾಯುತ್ತದೆಯೇ?

ಡಾಕ್ಟರ್: ಇಲ್ಲ. ಇಲಿಯ ತಲೆಬುರುಡೆಗೆ ಸಣ್ಣ ತಿರುಪು ಕೂರಿಸಿ ಅಲೆ ಅಳೆಯುತ್ತಾರೆ. ಕೆಟಮಿನ್ ಎಂಬ ಅರಿವಳಿಕೆ ಔಷಧ ಚುಚ್ಚಿದಾಗ ಸೆಕೆಂಡಿಗೆ 30ಕ್ಕಿಂತ ಹೆಚ್ಚು ಸಲ ಏಳುವ ಗಾಮಾ ಅಲೆ ಉಬ್ಬುತ್ತದೆ. ಸ್ಕಿಜೋಫ್ರೇನಿಯಾ ಮಾತ್ರೆಗಳಾದ ಹ್ಯಾಲೋಪೆರಿಡಾಲ್, ಕ್ಲೋಜಪಿನ್ ಗಾಮಾವನ್ನು ತಗ್ಗಿಸುತ್ತವೆ. ಅಲೆ ತಗ್ಗಿತು ಎಂದರೆ ಮಿದುಳು ಸತ್ತಿತು ಎಂದಲ್ಲ.

ಶಹಾಬಾದಿನ ಸದಸ್ಯ: ಒಲಂಜಪಿನ್‌ನಿಂದ ಮಗಳ ತೂಕ ಏರುತ್ತಿದೆ. ಏನು ಮಾಡಲಿ?

ಸೇಡಂ ಸದಸ್ಯೆ: ತಮ್ಮನಿಗೆ ಕ್ಲೋಜಪಿನ್ ನಡೆದಿದೆ. ಇಪ್ಪತ್ತು ದಿನದ ಹಿಂದೆ ಬೀಡಿ ಬಿಟ್ಟ. ಈಗ ಸದಾ ತೂಕಡಿಕೆ. ನಿನ್ನೆ ಊಟಕ್ಕೆ ಕುಳಿತಾಗ ಕೈ ಥಟ್ಟನೆ ಜಗ್ಗಿ ರೊಟ್ಟಿ ಸಿಡಿದು ಬಿತ್ತು. ಎಚ್ಚರವಿತ್ತು. ಮಾತ್ರೆ ನಿಲ್ಲಿಸಲೇ?

ಡಾಕ್ಟರ್: ಅಕ್ಕಾ, ನೀವಾಗಿ ನಿಲ್ಲಿಸಬೇಡಿ, ಕಾಯಿಲೆ ಉಲ್ಬಣಿಸುತ್ತದೆ. ಇವತ್ತೇ ಅವರ ಡಾಕ್ಟರಿಗೆ ಫೋನ್ ಮಾಡಿ, ಮುಂದಿನ ಮಾತ್ರೆ ಎಷ್ಟು ಎಂದು ಕೇಳಿಯೇ ಕೊಡಿ. ಬೀಡಿಯ ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಕ್ಲೋಜಪಿನ್ ಬೇಗ ಕರಗುವಂತೆ ಮಾಡುತ್ತದೆ. ಹೊಗೆ ನಿಂತರೆ ಅದೇ ಮಾತ್ರೆ ರಕ್ತದಲ್ಲಿ ಉಳಿದು ಏರುತ್ತದೆ. ಕೆಲವೊಮ್ಮೆ ಇಮ್ಮಡಿಯಾಗುತ್ತದೆ. ಹಾಗೆ ಕೈ ಜಗ್ಗುವುದು ಫಿಟ್ಸ್‌ಗೆ ಮುನ್ಸೂಚನೆಯಾಗಿರಬಹುದು. ಇಇಜಿ (ಮಿದುಳಿನ ಅಲೆಯ ಪರೀಕ್ಷೆ), ಬಿಳಿ ರಕ್ತಕಣ, ಸಾಧ್ಯವಾದರೆ ಔಷಧದ ಮಟ್ಟ ನೋಡಿಸಿ. ಬೈಕ್, ಬಾವಿ, ಒಲೆಯಿಂದ ದೂರವಿರಲಿ. ಬೀಡಿ ಬಿಟ್ಟಿದ್ದು ಒಳ್ಳೆಯದೇ, ಮತ್ತೆ ಹಚ್ಚಿಸಬೇಡಿ.

ಚಿಂಚೋಳಿ ಸದಸ್ಯ: ನನಗೆ ಬಂದ ಸಂದೇಶ: ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಕೀಲಿ ಕೊಡಿ, ಮೂಗಿಗೆ ಉಳ್ಳಾಗಡ್ಡಿ ಹಿಡಿಯಿರಿ.

ಡಾಕ್ಟರ್: ಈ ವಾರ ಇದು ಮೂರನೆಯ ಸಲ. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ. ಬಾಯಿಗೆ ಏನೂ ಹಾಕಬೇಡಿ. ಐದು ನಿಮಿಷ ಮೀರಿದರೆ 108. ಕೀಲಿ ಹುಡುಕುವ ಹೊತ್ತಿಗೆ ಜೀವಕ್ಕೆ ಕುತ್ತು ಬರುತ್ತದೆ.

ಜೇವರ್ಗಿ ಸದಸ್ಯ: ಮೊದಲು ಬಂದೇ ನವಾಜ್ ದರ್ಗಾಕ್ಕೆ ಕರೆದೊಯ್ಯಲಿ. ನನ್ನ ಅತ್ತೆ ಅಲ್ಲೇ ಗುಣವಾದರು.

ಆಳಂದದ ಸದಸ್ಯ: ಮೂಢನಂಬಿಕೆ ಹರಡಬೇಡಿ.

ಜೇವರ್ಗಿ ಸದಸ್ಯ: ಇಲಿಯ ಕಥೆ ತಂದು ಹೆದರಿಸಿದವರು ನೀವು. ನನ್ನ ನಂಬಿಕೆ ನಿಮಗೇಕೆ?

ಆಳಂದದ ಸದಸ್ಯ: ನಿಮ್ಮ ಅತ್ತೆ ಮಾತ್ರೆಯನ್ನೂ ನುಂಗುತ್ತಿದ್ದರು, ಅದನ್ನು ಹೇಳಿ.

ಡಾಕ್ಟರ್: ಇಬ್ಬರೂ ಸಾಕು. ದರ್ಗಾಕ್ಕೆ ಹೋಗಿ, ಮಾತ್ರೆ ಬಿಡಬೇಡಿ.

ಚಿತ್ತಾಪುರದ ಸದಸ್ಯೆ: ಇಲಿಯ ಮಿದುಳು ಸತ್ತಿತಂತೆ, ನಿಜವೇ?

ಡಾಕ್ಟರ್: ಮೇಲೆ ಓದಿ. ಸೇಡಂ ಅಕ್ಕಾ, ಆಸ್ಪತ್ರೆಗೆ ಹೊರಟಿರಾ?

ಸೇಡಂ ಸದಸ್ಯೆ: ಬಸ್ಸಿನಲ್ಲಿದ್ದೇವೆ ಮೇಡಂ. ಅವರ ಡಾಕ್ಟರು ಬೆಳಗಿನ ಮಾತ್ರೆ ತಡೆದಿದ್ದಾರೆ. ಮಳಖೇಡ ದಾಟಿತು. ತಮ್ಮ ಭುಜಕ್ಕೆ ಒರಗಿ ಮಲಗಿದ್ದಾನೆ.