ದಿನಕ್ಕೊಂದೇ ಕಾಳಗ, ಪ್ಯಾಲಡಿನ್–ವಿಝಾರ್ಡ್‌ದೇ ಕಾರುಬಾರು: ಯಾವ ಹೌಸ್ ರೂಲ್ ಹಾಕಲಿ?

#1 · ಪ್ರಶ್ನೆ

ಆಟ ಡಿ ಅಂಡ್ ಡಿ (ದಾಳ ಹಾಕಿ ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್) 5ನೇ ಆವೃತ್ತಿ, 2014ರ ನಿಯಮಗಳು. ನಾಲ್ಕು ಪಾತ್ರ, ಎಲ್ಲರೂ 5ನೇ ಲೆವೆಲ್: ಪ್ಯಾಲಡಿನ್ (ಧರ್ಮಯೋಧ), ವಿಝಾರ್ಡ್ (ಮಂತ್ರವಾದಿ), ವಾರ್‌ಲಾಕ್ (ಒಪ್ಪಂದದಿಂದ ಮಂತ್ರಶಕ್ತಿ ಪಡೆದವನು), ಬ್ಯಾಟಲ್ ಮಾಸ್ಟರ್ ಫೈಟರ್ (ಯುದ್ಧತಂತ್ರ ಬಲ್ಲ ಸೈನಿಕ). ಕಥೆ ಸಾಗುವ ರೀತಿಯಲ್ಲಿ ಆಟದೊಳಗಿನ ಒಂದು ದಿನಕ್ಕೆ ಒಂದೋ ಎರಡೋ ಕಾಳಗ ಬರುತ್ತೆ, ಅಷ್ಟೇ. ಮೊದಲ ರೌಂಡ್‌ನಲ್ಲೇ ಪ್ಯಾಲಡಿನ್ ಎರಡು ಸ್ಮೈಟ್ (ಹೊಡೆತಕ್ಕೆ ಸೇರುವ ದೈವೀ ಏಟು) ಹೊಡೀತಾನೆ, ವಿಝಾರ್ಡ್ ಫೈರ್‌ಬಾಲ್ (ಬೆಂಕಿಯುಂಡೆಯ ಮಂತ್ರ) ಹಾಕ್ತಾನೆ, ಅಲ್ಲಿಗೆ ಮುಗೀತು. ವಾರ್‌ಲಾಕ್, ಫೈಟರ್ ಆಡೋರು ಕೈಕಟ್ಟಿ ನೋಡ್ತಾ ಕೂತಿರ್ತಾರೆ.

ಈಗಿರೋ ಹೌಸ್ ರೂಲ್ (ನಮ್ಮ ಗುಂಪೇ ಮಾಡಿಕೊಂಡ ನಿಯಮ) ಎರಡು: ಒಂದು ಟರ್ನ್‌ಗೆ ಒಂದೇ ಸ್ಮೈಟ್, ಫೈರ್‌ಬಾಲ್ 8ಡಿ6 (ಎಂಟು ಆರುಮುಖದ ದಾಳ) ಬದಲು 6ಡಿ6. ಇದರಿಂದ ಏನೂ ಸುಧಾರಿಸಿಲ್ಲ, ಆ ಇಬ್ಬರಿಗೆ ಬೇಜಾರು ಬಂದಿದ್ದೊಂದೇ ಲಾಭ. ಲಾಂಗ್ ರೆಸ್ಟ್‌ಗೆ (ಖರ್ಚಾದ ಬಲವೆಲ್ಲ ತುಂಬುವ ರಾತ್ರಿಯ ವಿಶ್ರಾಂತಿ) 7 ದಿನ ಹಿಡಿಯುವ ಗ್ರಿಟಿ ರಿಯಲಿಸಂ ಅನ್ನೋ ಐಚ್ಛಿಕ ನಿಯಮ ಹಾಕಿದರೆ ಸರಿಹೋಗುತ್ತಾ?

#2

ಮೊದಲು ಆ ಎರಡೂ ರೂಲ್ ಕಿತ್ತುಹಾಕಿ. ಫೈರ್‌ಬಾಲ್ 8ಡಿ6 ಅಂದರೆ ಸರಾಸರಿ 28, 6ಡಿ6 ಅಂದರೆ 21. ಓರ್ಕ್‌ಗೆ 15 ಹಿಟ್ ಪಾಯಿಂಟ್ (ಜೀವಬಲ), ಓಗರ್‌ಗೆ 59. ಸೇವ್ (ತಪ್ಪಿಸಿಕೊಳ್ಳಲು ಹಾಕುವ ದಾಳ) ತಪ್ಪಿದ ಓರ್ಕ್ 21ಕ್ಕೂ ಸಾಯುತ್ತೆ, 28ಕ್ಕೂ ಸಾಯುತ್ತೆ; ಓಗರ್ ಎರಡಕ್ಕೂ ಉಳಿಯುತ್ತೆ. ಮೈದಾನದಲ್ಲಿ ವ್ಯತ್ಯಾಸ ಏನೂ ಇಲ್ಲ, ಆಡುವವರ ಮುಖ ಮಾತ್ರ ಸಣ್ಣದಾಗುತ್ತೆ. ಸ್ಮೈಟ್ ಕತೆಯೂ ಅದೇ. ಈ ಟರ್ನ್‌ನಲ್ಲಿ ಉಳಿದ ಸ್ಲಾಟ್ (ಮಂತ್ರ ಅಥವಾ ಸ್ಮೈಟ್‌ಗೆ ಖರ್ಚಾಗುವ ಬಲ) ಮುಂದಿನ ಟರ್ನ್‌ನಲ್ಲಿ ಖರ್ಚಾಗುತ್ತೆ. ದಿನಕ್ಕೊಂದೇ ಕಾಳಗ ಇರುವಾಗ ಸ್ಲಾಟ್ ಉಳಿಸಿಟ್ಟುಕೊಳ್ಳಲು ಅವನಿಗೆ ಕಾರಣವೇ ಇಲ್ಲ.

ತೊಂದರೆ ಇರೋದು ಸಾಮರ್ಥ್ಯದಲ್ಲಲ್ಲ, ಖರ್ಚಾದದ್ದು ಯಾವಾಗ ವಾಪಸ್ ಬರುತ್ತೆ ಅನ್ನೋದರಲ್ಲಿ. 5ನೇ ಲೆವೆಲ್‌ನ ಲೆಕ್ಕ ಹಾಕಿ ನೋಡಿ. ವಿಝಾರ್ಡ್‌ಗೆ 4+3+2 (1, 2, 3ನೇ ಮಟ್ಟದವು), ಒಟ್ಟು 9 ಸ್ಲಾಟ್. ಪ್ಯಾಲಡಿನ್‌ಗೆ 4+2, ಒಟ್ಟು 6. ಇವು ತುಂಬೋದು ಲಾಂಗ್ ರೆಸ್ಟ್‌ನಲ್ಲಿ. ವಾರ್‌ಲಾಕ್‌ಗೆ ಎರಡೇ ಸ್ಲಾಟ್, ಫೈಟರ್‌ಗೆ ಒಂದು ಆಕ್ಷನ್ ಸರ್ಜ್ (ಅದೇ ಟರ್ನ್‌ನಲ್ಲಿ ಇನ್ನೊಂದು ಆಕ್ಷನ್), ನಾಲ್ಕು ಸುಪೀರಿಯಾರಿಟಿ ದಾಳ (ಯುದ್ಧದ ಪಟ್ಟುಗಳಿಗೆ ಬಳಸುವವು). ಇವು ತುಂಬೋದು ಶಾರ್ಟ್ ರೆಸ್ಟ್‌ನಲ್ಲಿ (ನಡುವೆ ತಗೊಳ್ಳುವ ಒಂದು ಗಂಟೆಯ ವಿಶ್ರಾಂತಿ). 2014ರ ನಿಯಮ ಊಹಿಸಿಕೊಂಡಿರೋದು ದಿನಕ್ಕೆ 6ರಿಂದ 8 ಸಾಧಾರಣ ಅಥವಾ ಕಠಿಣ ಎನ್‌ಕೌಂಟರ್ (ಕಾಳಗ), ನಡುವೆ ಸುಮಾರು ಎರಡು ಶಾರ್ಟ್ ರೆಸ್ಟ್. ಹಾಗೆ ಆಡಿದರೆ ವಾರ್‌ಲಾಕ್‌ಗೆ ದಿನಕ್ಕೆ 6 ಸ್ಲಾಟ್ ಸಿಗುತ್ತೆ, ಆರೂ 3ನೇ ಮಟ್ಟದ್ದು. ಫೈಟರ್‌ಗೆ ಮೂರು ಸರ್ಜ್, ಹನ್ನೆರಡು ದಾಳ. ನಿಮ್ಮಲ್ಲಿ ಶಾರ್ಟ್ ರೆಸ್ಟ್ ಆಗ್ತಾನೇ ಇಲ್ಲ. ಹಾಗಾಗಿ ಒಂಬತ್ತರ ಎದುರು ಎರಡು.

ಗ್ರಿಟಿ ರಿಯಲಿಸಂ ಬೇಡ ಅನ್ನೋದು ನನ್ನ ಅಭಿಪ್ರಾಯ. ಅದರಲ್ಲಿ ಶಾರ್ಟ್ ರೆಸ್ಟ್ 8 ಗಂಟೆ, ಲಾಂಗ್ ರೆಸ್ಟ್ 7 ದಿನ. ಕಥೆಯಲ್ಲಿ ಸ್ವಲ್ಪ ಅವಸರ ಇದ್ದರೂ ಏಳು ದಿನ ಕೂರೋಕೆ ಯಾರಿಗೂ ಆಗಲ್ಲ. ಬದಲಿಗೆ ಹೀಗೆ ಮಾಡಿ:

ಶಾರ್ಟ್ ರೆಸ್ಟ್ 10 ನಿಮಿಷ. ಎರಡು ಲಾಂಗ್ ರೆಸ್ಟ್‌ಗಳ ನಡುವೆ ಎರಡೇ ಸಲ, ಮೂರನೆಯದು ಇಲ್ಲ. ಶತ್ರುಗಳ ಗುಹೆಯಲ್ಲಿ ಒಂದು ಗಂಟೆ ಕೂರೋದು ಆಟಗಾರರಿಗೆ ಹುಚ್ಚುತನ ಅನಿಸುತ್ತೆ, ಹತ್ತು ನಿಮಿಷಕ್ಕೆ ಬಾಗಿಲು ಹಾಕಿ ಕೂರ್ತಾರೆ.

ಲಾಂಗ್ ರೆಸ್ಟ್ ಸುರಕ್ಷಿತ ಜಾಗದಲ್ಲಿ ಮಾತ್ರ: ಯಾರೂ ಪಹರೆ ಕಾಯಬೇಕಿಲ್ಲದ ಕಡೆ, ಒಂದು ರಾತ್ರಿ. ಕಾಡಿನಲ್ಲಿ ಮಲಗಿದರೆ ಎಕ್ಸಾಸ್ಚನ್ (ಬಳಲಿಕೆಯ ದಂಡ) ತಪ್ಪುತ್ತೆ, ಒಂದು ಹಿಟ್ ಡೈ (ಶಾರ್ಟ್ ರೆಸ್ಟ್‌ನಲ್ಲಿ ಗಾಯ ಮಾಯಿಸಲು ಖರ್ಚು ಮಾಡುವ ದಾಳ) ವಾಪಸ್ ಬರುತ್ತೆ, ಬೇರೇನೂ ಇಲ್ಲ. ಆ ಒಂದು ಹಿಟ್ ಡೈ ಬಿಡಬೇಡಿ. ಬಿಟ್ಟರೆ ನಾಲ್ಕು ದಿನದ ಪಯಣದಲ್ಲಿ ಐದೂ ಖಾಲಿಯಾಗಿ, ಆಮೇಲೆ ಶಾರ್ಟ್ ರೆಸ್ಟ್ ತಗೊಂಡರೂ ಗಾಯ ಮಾಯಲ್ಲ.

ಸುರಕ್ಷಿತ ಜಾಗ ಯಾವುದು ಅಂತ ಮೊದಲೇ ನಕ್ಷೆ ಮೇಲೆ ಗುರುತು ಹಾಕಿ ತೋರಿಸಿ. ಆ ಹೊತ್ತಿಗೆ ಡಿಎಂ (ಆಟ ನಡೆಸುವವರು) ಬಾಯಿಗೆ ಬಂದದ್ದೇ ತೀರ್ಪು ಅಂತಾದರೆ ಜಗಳ ಗ್ಯಾರಂಟಿ. ಮುಂದಿನ ಗುರುತು ಎಷ್ಟು ದೂರ ಅಂತ ಗೊತ್ತಿದ್ದರೆ ಮಾತ್ರ ಪ್ಯಾಲಡಿನ್ ಕೈ ಹಿಡಿದು ಖರ್ಚು ಮಾಡ್ತಾನೆ.

#3

ಮೇಲಿನ ರೂಲ್ ಒಳ್ಳೇದೇ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಎರಡು ಕಡೆ ಒಡೆಯುತ್ತೆ.

ಒಂದು, ಮಂತ್ರದ ಅವಧಿ. ಮೇಜ್ ಆರ್ಮರ್ 8 ಗಂಟೆ ಇರುತ್ತೆ. ಎರಡು ಗುರುತುಗಳ ನಡುವೆ ಮೂರು ದಿನ ಅಂದರೆ ವಿಝಾರ್ಡ್‌ನ ನಾಲ್ಕು 1ನೇ ಮಟ್ಟದ ಸ್ಲಾಟ್‌ನಲ್ಲಿ ಮೂರು ಬರೀ ಮೈ ಕಾಯೋಕೆ ಹೋಗುತ್ತೆ. ಅದಕ್ಕೆ 8 ಗಂಟೆ ಅಥವಾ ಹೆಚ್ಚು ಅವಧಿಯ ಮಂತ್ರಗಳನ್ನು ಮುಂದಿನ ಲಾಂಗ್ ರೆಸ್ಟ್‌ವರೆಗೆ ಎಳೆಯಿರಿ. ಕಾನ್ಸಂಟ್ರೇಶನ್ (ಮಂತ್ರ ಉಳಿಯಲು ಹಿಡಿದಿಡಬೇಕಾದ ಏಕಾಗ್ರತೆ) ಬೇಕಾದವನ್ನು ಮಾತ್ರ ಹೊರಗಿಡಿ. ಈ ವಿನಾಯಿತಿ ಮರೆತರೆ ಏನಾಗುತ್ತೆ ಅಂದರೆ, 3ನೇ ಮಟ್ಟದ ಸ್ಲಾಟ್‌ನಲ್ಲಿ ಹಾಕಿದ ಹೆಕ್ಸ್ (ಕಾನ್ಸಂಟ್ರೇಶನ್ ಬೇಕಾದ ಶಾಪದ ಮಂತ್ರ) ಕೂಡ 8 ಗಂಟೆಯದ್ದೇ, ನಿಮ್ಮ ವಾರ್‌ಲಾಕ್‌ನ ಎಲ್ಲ ಸ್ಲಾಟ್ 3ನೇ ಮಟ್ಟದ್ದೇ. ಒಮ್ಮೆ ಹಾಕಿ ಊರೂರು ಸುತ್ತುತ್ತಾನೆ.

ಎರಡು, ಮುಂಜಾನೆ ತುಂಬುವ ಮಾಯಾವಸ್ತುಗಳು. ಮ್ಯಾಜಿಕ್ ಮಿಸೈಲ್ ದಂಡದಲ್ಲಿ 7 ಚಾರ್ಜ್, ದಿನಾ ಬೆಳಿಗ್ಗೆ 1ಡಿ6+1 ವಾಪಸ್. ಹಾಗೇ ಬಿಟ್ಟರೆ ದಂಡ ದಿನಾ ತುಂಬುತ್ತೆ, ಅದನ್ನು ಹಿಡಿದ ವಿಝಾರ್ಡ್ ಖಾಲಿ ಕೂರ್ತಾನೆ. ಶೀಟ್‌ನಲ್ಲಿ ‘ಮುಂಜಾನೆ’ ಅಂತಿರೋ ಕಡೆಯೆಲ್ಲ ‘ಲಾಂಗ್ ರೆಸ್ಟ್’ ಅಂತ ತಿದ್ದಿ.

#4 · ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯ್ತು. ಮೂರು ಅನುಮಾನ. ವಿಝಾರ್ಡ್ ಹತ್ತಿರ ಟೈನಿ ಹಟ್ (ಗುಂಪಿಗೆ ರಕ್ಷಣೆಯ ಗುಡಿಸಲು ಕೊಡುವ ಮಂತ್ರ) ಇದೆ, ಅದು ಸುರಕ್ಷಿತ ಜಾಗ ಆಗುತ್ತಲ್ವಾ? ವಾರ್‌ಲಾಕ್ ಆಡೋರು ಸಾರ್ಸರರ್ (ಹುಟ್ಟಿನಿಂದಲೇ ಮಂತ್ರಶಕ್ತಿ ಇರುವ ಇನ್ನೊಂದು ಬಗೆಯ ಪಾತ್ರ) ಲೆವೆಲ್ ಸೇರಿಸ್ತೀನಿ ಅಂತಿದಾರೆ, ಬಿಡಬಹುದಾ? ಮತ್ತೆ ಒಂದು ಕಾಳಗ ಮುಗಿದ ಕೂಡಲೇ ಊರಿಗೆ ವಾಪಸ್ ಹೋಗಿ ಮಲಗ್ತೀವಿ ಅಂದರೆ?

#5

ಟೈನಿ ಹಟ್ 3ನೇ ಮಟ್ಟದ ರಿಚುಯಲ್. ಅಂದರೆ ಸ್ಲಾಟ್ ಖರ್ಚಿಲ್ಲದೆ ದಿನಾ ರಾತ್ರಿ ಹಾಕಬಹುದು. ಅದನ್ನು ಸುರಕ್ಷಿತ ಜಾಗ ಅಂತ ಒಪ್ಪಿಕೊಂಡ ಕ್ಷಣವೇ ನಿಮ್ಮ ರೂಲ್ ಸತ್ತಿತು. ಹಟ್ ಒಳಗೆ ನಿಶ್ಚಿಂತೆಯಿಂದ ಮಲಗಬಹುದು, ಲಾಂಗ್ ರೆಸ್ಟ್‌ನ ಫಲ ಇಲ್ಲ. ಇಷ್ಟು ಬದಲಿಸಿದ ಮೇಲೆ ಆ ಆಟಗಾರರಿಗೆ ಬೇರೆ ಮಂತ್ರಕ್ಕೆ ಅದಲುಬದಲು ಮಾಡಿಕೊಳ್ಳಲು ಬಿಡೋದು ನ್ಯಾಯ. ಕ್ಯಾಟ್‌ನ್ಯಾಪ್ ಯಾರ ಹತ್ತಿರವಾದರೂ ಇದ್ದರೆ ಅದಕ್ಕೂ ಇದೇ ಮಾತು. ಹತ್ತು ನಿಮಿಷದಲ್ಲಿ ಶಾರ್ಟ್ ರೆಸ್ಟ್ ಕೊಡೋದೇ ಅದರ ಕೆಲಸ, ಈಗ ಅದು ಎಲ್ಲರಿಗೂ ಪುಕ್ಕಟೆ.

ಸಾರ್ಸರರ್ ವಿಷಯ. ವಾರ್‌ಲಾಕ್ 2, ಸಾರ್ಸರರ್ 3 ಅಂತಿಟ್ಟುಕೊಳ್ಳಿ. ಪ್ಯಾಕ್ಟ್ ಮ್ಯಾಜಿಕ್‌ನ (ವಾರ್‌ಲಾಕ್‌ನ ಮಂತ್ರಶಕ್ತಿ) ಎರಡು 1ನೇ ಮಟ್ಟದ ಸ್ಲಾಟ್ ಮುರಿದರೆ 2 ಸಾರ್ಸರಿ ಪಾಯಿಂಟ್ (ಸಾರ್ಸರರ್‌ನ ಮಂತ್ರಬಲದ ಅಂಕ), ಆ ಎರಡರಿಂದ ಒಂದು ಹೊಸ 1ನೇ ಮಟ್ಟದ ಸ್ಲಾಟ್. ಶಾರ್ಟ್ ರೆಸ್ಟ್ ತಗೊಂಡರೆ ಮುರಿದ ಸ್ಲಾಟ್ ವಾಪಸ್, ಹೊಸದು ಹಾಗೇ ಉಳಿಯುತ್ತೆ. ಹೊಸದು ಅಳಿಯೋದು ಲಾಂಗ್ ರೆಸ್ಟ್ ಮುಗಿದಾಗ ಮಾತ್ರ. ಹತ್ತು ನಿಮಿಷದ ಶಾರ್ಟ್ ರೆಸ್ಟ್‌ಗೆ ಮಿತಿ ಇಲ್ಲದಿದ್ದರೆ ಎಲ್ಲರೂ ನಿದ್ದೆ ಮಾಡುವ 8 ಗಂಟೆಯಲ್ಲಿ 48 ರೆಸ್ಟ್, 48 ಸ್ಲಾಟ್. ‘ಎರಡೇ ಸಲ’ ಅನ್ನೋ ಮಿತಿ ಇರುವುದರಿಂದ ಇಡೀ ಉಪಾಯಕ್ಕೆ ಸಿಗೋದು ಎರಡೋ ಮೂರೋ. ಧಾರಾಳವಾಗಿ ಬಿಡಿ. ಮುಂದೆ ಯಾವತ್ತಾದರೂ ಕನಿಕರಕ್ಕೆ ಆ ಮಿತಿ ಸಡಿಲಿಸೋ ಮನಸ್ಸಾದರೆ ಈ ಲೆಕ್ಕ ನೆನಪಿರಲಿ.

ಊರಿಗೆ ಓಡಿಹೋಗೋದನ್ನು ರೂಲ್‌ನಿಂದ ತಡೆಯಬೇಡಿ, ಅದಕ್ಕೆ ಬೆಲೆ ಇಡಿ. ಕಾಗದದ ಮೇಲೆ ಆರು ಚೌಕ ಬರೆದು ಎಲ್ಲರಿಗೂ ಕಾಣುವಂತೆ ಇಡಿ. ಪ್ರತಿ ಲಾಂಗ್ ರೆಸ್ಟ್‌ಗೆ ಎರಡು ಚೌಕ ತುಂಬಿ. ಎರಡಾದಾಗ ಗುಹೆಗೆ ಕಾವಲು ಹೆಚ್ಚುತ್ತೆ, ನಾಲ್ಕಾದಾಗ ಸೆರೆಯಾಳನ್ನು ಬೇರೆ ಕಡೆ ಸಾಗಿಸ್ತಾರೆ, ಆರಾದಾಗ ಶತ್ರುಗಳು ಬಂದ ಕೆಲಸ ಮುಗಿದಿರುತ್ತೆ. ಚೌಕ ಮುಚ್ಚಿಟ್ಟರೆ ಪ್ರಯೋಜನ ಇಲ್ಲ, ನೋಡಿದರೇ ಮಲಗೋಣವೋ ಬೇಡವೋ ಅಂತ ಅವರೇ ವಾದ ಮಾಡ್ತಾರೆ.

ಕಾಳಗಗಳ ಸಂಖ್ಯೆಗೆ ಬಂದರೆ, ಎಂಟು ಬೇಕಿಲ್ಲ. 5ನೇ ಲೆವೆಲ್‌ಗೆ ದಿನದ ಬಜೆಟ್ ತಲೆಗೆ 3,500 ಎಕ್ಸ್‌ಪಿ (ಅನುಭವದ ಅಂಕ), ನಾಲ್ವರಿಗೆ 14,000. ಡೆಡ್ಲಿ (ಪ್ರಾಣಾಪಾಯದ) ಎನ್‌ಕೌಂಟರ್ ಶುರುವಾಗೋದು ತಲೆಗೆ 1,100, ಅಂದರೆ 4,400ರಿಂದ. ಎರಡು ಗುರುತುಗಳ ನಡುವೆ ಅಂಥ ಮೂರು ಕಾಳಗ, ಪ್ರತಿ ಎರಡರ ನಡುವೆ ಒಂದು ಶಾರ್ಟ್ ರೆಸ್ಟ್. ಆ ಮೂರು ಒಂದೇ ದಿನ ಬರಬೇಕಿಲ್ಲ, ಮೂರು ದಿನಕ್ಕೆ ಹರಡಿದರೂ ಲೆಕ್ಕ ಅದೇ. ಒಂದರಲ್ಲಾದರೂ ಶತ್ರುಗಳು ಎರಡು ಅಲೆಯಾಗಿ ಬರಲಿ, ಎಲ್ಲರೂ ಒಂದೇ ಫೈರ್‌ಬಾಲ್‌ನ 20 ಅಡಿ ತ್ರಿಜ್ಯದ ವೃತ್ತದಲ್ಲಿ ಗುಂಪುಕಟ್ಟಿ ನಿಲ್ಲೋದು ಬೇಡ.

#6

ಲೆಕ್ಕ ಇಡೋದರ ಬಗ್ಗೆ ಯಾರೂ ಹೇಳಲಿಲ್ಲ, ಆಟದ ನಡುವೆ ಈ ರೂಲ್ ಮುಗ್ಗರಿಸೋದು ಅಲ್ಲೇ. ಎರಡು ಬಣ್ಣದ ಬಿಲ್ಲೆ ತಗೊಳ್ಳಿ. ಶಾರ್ಟ್ ರೆಸ್ಟ್‌ನಲ್ಲಿ ಬರೋವು ಕೆಂಪು: ವಾರ್‌ಲಾಕ್‌ಗೆ 2, ಫೈಟರ್‌ಗೆ 6 (ನಾಲ್ಕು ದಾಳ, ಸರ್ಜ್, ಸೆಕೆಂಡ್ ವಿಂಡ್ ಅನ್ನೋ ಸ್ವಂತ ಚೇತರಿಕೆ), ಪ್ಯಾಲಡಿನ್‌ನ ಚಾನಲ್ ಡಿವಿನಿಟಿಗೆ (ದೈವಶಕ್ತಿಯ ಬಳಕೆ) 1. ಲಾಂಗ್ ರೆಸ್ಟ್‌ನಲ್ಲಿ ಬರೋವು ನೀಲಿ, ಮೇಲೆ ಸ್ಲಾಟ್‌ನ ಮಟ್ಟ ಬರೆದಿರಲಿ. ಬಳಸಿದ್ದನ್ನು ಮೇಜಿನ ಮಧ್ಯದ ಬಟ್ಟಲಿಗೆ ಹಾಕಬೇಕು. ಶಾರ್ಟ್ ರೆಸ್ಟ್ ಆದಾಗ ‘ಕೆಂಪು ವಾಪಸ್’ ಅಂದರೆ ಸಾಕು. ಲೇ ಆನ್ ಹ್ಯಾಂಡ್ಸ್‌ನ (ಪ್ಯಾಲಡಿನ್ ಮುಟ್ಟಿ ಗಾಯ ಮಾಯಿಸುವ ಶಕ್ತಿ) 25 ಪಾಯಿಂಟ್‌ಗೆ ಬಿಲ್ಲೆ ಬೇಡ, ಪೆನ್ಸಿಲ್ ಸಾಕು. ಸೆಷನ್ ಲಾಂಗ್ ರೆಸ್ಟ್ ಇಲ್ಲದೆ ಮುಗಿದರೆ ಎದ್ದೇಳುವ ಮೊದಲು ಪ್ರತಿಯೊಬ್ಬರ ಬಿಲ್ಲೆಗಳ ಫೋಟೋ ತೆಗೆದಿಡಿ. ಮುಂದಿನ ವಾರ ‘ನನ್ನ ಹತ್ತಿರ ಇನ್ನೂ ಎರಡಿತ್ತು’ ಅನ್ನೋ ಮಾತಿಗೆ ಬೇರೆ ಮದ್ದಿಲ್ಲ.

#7

ಇದೇ ರೂಲ್ ಎತ್ತಿಕೊಳ್ಳುವ ಬೇರೆಯವರಿಗೆ ಒಂದು ಎಚ್ಚರಿಕೆ: ಮೇಲಿನ ಅಂಕಿಗಳೆಲ್ಲ 2014ರವು. 2024ರ ನಿಯಮದಲ್ಲಿ ಡಿವೈನ್ ಸ್ಮೈಟ್ ಬೋನಸ್ ಆಕ್ಷನ್ (ಟರ್ನ್‌ಗೆ ಒಂದೇ ಸಿಗುವ ಹೆಚ್ಚುವರಿ ಆಕ್ಷನ್) ಕೇಳುವ ಮಂತ್ರ, ಹಾಗಾಗಿ ಟರ್ನ್‌ಗೆ ಒಂದಕ್ಕಿಂತ ಹೆಚ್ಚು ಆಗೋದೇ ಇಲ್ಲ. ಸೆಕೆಂಡ್ ವಿಂಡ್ ಶುರುವಿಗೇ ಎರಡು, ಶಾರ್ಟ್ ರೆಸ್ಟ್‌ಗೆ ವಾಪಸ್ ಬರೋದು ಒಂದು ಮಾತ್ರ, ಕೆಂಪು ಬಿಲ್ಲೆಯ ಲೆಕ್ಕ ಅದಕ್ಕೆ ತಕ್ಕಂತೆ ಬದಲಿಸಿ. ವಾರ್‌ಲಾಕ್‌ಗೆ 2ನೇ ಲೆವೆಲ್‌ನಲ್ಲೇ ಮ್ಯಾಜಿಕಲ್ ಕನಿಂಗ್ ಸಿಗುತ್ತೆ: ಒಂದು ನಿಮಿಷದಲ್ಲಿ ಅರ್ಧ ಸ್ಲಾಟ್ ವಾಪಸ್, ಲಾಂಗ್ ರೆಸ್ಟ್‌ಗೊಮ್ಮೆ. ಇದನ್ನು ಎರಡು ಶಾರ್ಟ್ ರೆಸ್ಟ್‌ನ ಮಿತಿಯೊಳಗೆ ಎಣಿಸಬೇಡಿ, ಅದು ಬೇರೆಯೇ. ಅದಕ್ಕೊಂದು ನೀಲಿ ಬಿಲ್ಲೆ ಕೊಡಿ.